ಸ್ಪೀಕರಿಗೆ ಗಂಡಸಿನ ಕೈ

ಗುತ್ತಿಗೆದಾರ ಹಾಲಪ್ಪನವರ ಕಾರಿಗೆ ದಾಕ್ಷಾಯಿಣಿ ಹೊಸ ಸ್ಪೀಕರ್ ಕೂರಿಸಿ ಹಾಡು ಹಾಕಿದಳು. ಅವರು ಮುಖ ಸಿಂಡರಿಸಿದರು.

"ತಗಡು ಬಡಿದ ಹಾಗಿದೆ. ಹೆಂಗಸಿಗೆ ಇದೆಲ್ಲ ಗೊತ್ತಾಗುತ್ತೇನ್ರೀ?" ಎಂದು ಅಂಗಡಿಯ ಯಜಮಾನರತ್ತ ತಿರುಗಿದರು. "ಮೊದಲು ಇವಳನ್ನು ಕೆಲಸದಿಂದ ಬಿಡಿಸಿ. ಯಾರಾದರೂ ಗಂಡಸರನ್ನು ಕರೆಸಿ."

ಯಜಮಾನರು ಯೋಚನೆಗೆ ಬಿದ್ದರು. ದಾಕ್ಷಾಯಿಣಿ ಮಾತ್ರ ತಲೆ ತಗ್ಗಿಸಲಿಲ್ಲ. ಆಗಷ್ಟೇ ಒಳಬಂದಿದ್ದ ಬಾಷಾನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಹಾಲಪ್ಪನವರಿಗೆ ಕೇಳದಂತೆ ಪಿಸುಗುಟ್ಟಿದಳು.

"ಅಣ್ಣ, ಆ ಕಾರಿನ ಬಾಗಿಲು ಒಮ್ಮೆ ತೆಗೆದು ಮುಚ್ಚಿ."

ಬಾಷಾ ಅಷ್ಟೇ ಮಾಡಿದ. ಅವಳು ಅದೇ ಹಾಡನ್ನು ಮತ್ತೆ ಹಾಕಿದಳು.

ಹಾಲಪ್ಪನವರು ಕಣ್ಣು ಮುಚ್ಚಿ ತಲೆದೂಗಿದರು. "ನೋಡಮ್ಮ, ಇದು ಕೆಲಸ ಅಂದ್ರೆ! ಎಷ್ಟು ವರ್ಷದ ಅನುಭವವಪ್ಪ ನಿಂದು?"

"ಇಪ್ಪತ್ತು ವರ್ಷ ಸಾರ್," ಎಂದ ಬಾಷಾ. "ಎದುರಿಗಿರೋದೇ ನನ್ನ ಟೀ ಅಂಗಡಿ. ಖಾಲಿ ಲೋಟ ತಗೊಂಡು ಹೋಗೋಕೆ ಬಂದೆ."

ಯಜಮಾನರ ನಗು ಹೊಸ ಸ್ಪೀಕರಿಗಿಂತ ಜೋರಾಗಿತ್ತು.