ಟಿಟ್ಟವ್ವನ ಕಲ್ಲುಗಳು

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆಯಿತ್ತು. ಅಲ್ಲಿ ಟಿಟ್ಟವ್ವ ಎಂಬ ಟಿಟ್ಟಿಭ ಹಕ್ಕಿ ಇದ್ದಳು. ಟಿಟ್ಟಿಭಗಳು ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಲದಲ್ಲೇ ಮೊಟ್ಟೆಯಿಟ್ಟು, ಸುತ್ತ ಪುಟ್ಟ ಕಲ್ಲುಗಳನ್ನು ಜೋಡಿಸುತ್ತವೆ.

ಕೆರೆಯ ದಂಡೆಯಲ್ಲಿ ಮೊಟ್ಟೆಯಿಟ್ಟರೆ ನೀರಿಗೆ ಬರುವ ಕಾಡುಕೋಣಗಳು ತುಳಿದುಬಿಡುತ್ತವೆ. ಅದಕ್ಕೇ ಟಿಟ್ಟವ್ವ ದೂರದ ದಿಬ್ಬದ ಮೇಲೆ ಇಡುತ್ತಿದ್ದಳು. ಒಂದು ವರ್ಷ ಅವಳ ಎರಡು ಮರಿಗಳು ದಿಬ್ಬದಿಂದ ನೀರಿನತ್ತ ನಡೆಯುತ್ತ, ಬಾಯಾರಿ ದಾರಿಯಲ್ಲೇ ಸತ್ತವು.

ಅದರ ಮುಂದಿನ ವರ್ಷ ಕೆರೆಗೆ ಮುಖಂಡನನ್ನು ಆರಿಸುವ ದಿನ ಬಂತು. ಯಾರ ಮುಂದೆ ಹೆಚ್ಚು ಕಲ್ಲು ಬೀಳುತ್ತವೋ ಅವರೇ ಮುಖಂಡರು. ಕಾಡುಕೋಣಗಳ ಯಜಮಾನ ಕೊಂಬಣ್ಣ ಟಿಟ್ಟವ್ವನ ಬಳಿ ಬಂದ.

"ತಂಗೀ, ನನ್ನನ್ನ ಗೆಲ್ಲಿಸು. ನಮ್ಮ ಹಿಂಡು ಇನ್ನು ಆಚೆ ದಡದ ಬಂಡೆಯ ಕಡೆಯಿಂದ ನೀರಿಗಿಳಿಯುತ್ತೆ. ಈ ದಂಡೆ ನಿನ್ನ ಮಕ್ಕಳಿಗೇ."

ಟಿಟ್ಟವ್ವನ ಕಣ್ಣು ತುಂಬಿತು. ಗೂಡಿಗೆಂದು ಕೂಡಿಟ್ಟ ಕಲ್ಲುಗಳಲ್ಲಿ ಚೆಂದದ್ದೊಂದನ್ನು ಅವನ ಮುಂದಿಟ್ಟಳು. ಕೆರೆಯ ಸುತ್ತ ಹಾರಿ, ಗಂಟಲು ಹರಿಯುವಂತೆ ಕೂಗಿ ಅವನಿಗೆ ಜೈಕಾರ ಹಾಕಿದಳು. ಕೊಂಬಣ್ಣ ಗೆದ್ದ.

"ಮೂಗಿಗೆ ತುಪ್ಪ ಸವರಿದ್ದಾನೆ ಕಣವ್ವ. ಹಿಂಡು ದಾರಿ ಬದಲಿಸೋದನ್ನ ನೋಡಿ ಆಮೇಲೆ ಮೊಟ್ಟೆ ಇಡು" ಎಂದ ಕೆರೆಯಲ್ಲಿದ್ದ ಆಮೆಯಜ್ಜ.

"ಅಷ್ಟು ದೊಡ್ಡವರು ಸುಳ್ಳು ಹೇಳ್ತಾರಾ ಅಜ್ಜ?" ಎಂದವಳೇ ದಂಡೆಯಲ್ಲಿ ನಾಲ್ಕು ಮೊಟ್ಟೆಯಿಟ್ಟಳು.

ಕೊಂಬಣ್ಣ ಕೆಟ್ಟವನೇನಲ್ಲ. ಆದರೆ ಬಂಡೆಯ ದಾರಿ ಸುತ್ತು, ಗೊರಸಿಗೆ ನೋವು. ಕಾಡಿನ ಹೊಂಡಗಳಲ್ಲಿ ನೀರಿರುವತನಕ ಹಿಂಡಿಗೆ ಕೆರೆಯೂ ಬೇಕಿರಲಿಲ್ಲ. ಟಿಟ್ಟವ್ವ ಎರಡು ಸಲ ಹೋಗಿ ನೆನಪಿಸಿದಳು. ಎರಡು ಸಲವೂ ಅವನು, "ಆಗಲಿ ತಂಗಿ, ಹಿಂಡಿಗೆ ಹೇಳ್ತೀನಿ" ಎಂದ. ಹೇಳಲೇ ಇಲ್ಲ.

ಹೊಂಡಗಳು ಬತ್ತಿದ ದಿನ ಹಿಂಡು ಹಳೆಯ ದಾರಿಯಲ್ಲೇ ಬಂತು, ಮುಂದೆ ಕೊಂಬಣ್ಣ. ಟಿಟ್ಟವ್ವ ಅವನ ಮುಖದ ಮುಂದೆ ಹಾರಿ ಹಾರಿ ಕಿರುಚಿದಳು.

ಕೊಂಬಣ್ಣ ಖುಷಿಯಿಂದ ತಲೆದೂಗಿದ. "ನೋಡ್ರಪ್ಪ, ಗೆದ್ದು ಇಷ್ಟು ದಿನ ಆದ್ರೂ ತಂಗಿ ಇನ್ನೂ ನನಗೆ ಜೈಕಾರ ಹಾಕ್ತಾನೇ ಇದ್ದಾಳೆ" ಎನ್ನುತ್ತ ಮುಂದೆ ನಡೆದ. ಹಿಂಡು ಅವನ ಹಿಂದೆ ನಡೆಯಿತು. ನಾಲ್ಕರಲ್ಲಿ ಒಂದು ಮೊಟ್ಟೆಯೂ ಉಳಿಯಲಿಲ್ಲ.

ಮರುವರ್ಷ ಕೊಂಬಣ್ಣ ನಗುತ್ತ ಮತ್ತೆ ದಂಡೆಗೆ ಬಂದ. "ತಂಗೀ, ಈ ಸಲವೂ ಒಂದು ಕಲ್ಲು."

"ಕಲ್ಲಿಲ್ಲ ಅಣ್ಣ. ಇದ್ದವನ್ನೆಲ್ಲ ನನ್ನ ಮಕ್ಕಳ ಮೇಲೆ ಹೊದಿಸಿದ್ದೀನಿ" ಎಂದಳು ಟಿಟ್ಟವ್ವ. "ನೀವೀಗ ನಿಂತಿರೋದು ಅಲ್ಲೇ."

ನೀತಿ: ಗೆದ್ದವನು ಕೊಟ್ಟ ಮಾತು ಮರೆತರೆ ನಷ್ಟ ನಂಬಿದವರಿಗೆ, ಮಾತು ನಡೆದದ್ದನ್ನು ಕಂಡ ಮೇಲೆಯೇ ನಂಬಬೇಕು.