ಎಡಗಡೆಯ ಹಿಂದಿನ ಚಕ್ರ

ರೇಣುಕಪ್ರಸಾದನದು ತುಮಕೂರಿನಲ್ಲಿ ಪೈಪಿನ ಅಂಗಡಿ. ಅವನ ಗೆಳೆಯ ಹನುಮಂತರಾಜುವಿನದು ಊರಿನ ಇನ್ನೊಂದು ತುದಿಯಲ್ಲಿ ಟಿಂಕರಿಂಗ್ ಶೆಡ್ಡು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಪರೀಕ್ಷೆಯಲ್ಲಿ ಫೇಲಾದವರು. ರಾಜು ಎಷ್ಟೋ ವರ್ಷ ಬೇರೆಯವರ ಕೈಕೆಳಗೆ ತಗಡು ಬಡಿದು, ಆಗಷ್ಟೇ ಸ್ವಂತ ಶೆಡ್ಡು ತೆರೆದಿದ್ದ.

ರೇಣುಕನಿಗೆ ತನ್ನ ಹಳೆಯ ಕಾರೆಂದರೆ ಪ್ರಾಣ. ಒಂದು ದಿನ ಲಗೇಜ್ ಆಟೋ ಒಂದು ಬಂದು ಅದರ ಎಡಗಡೆಯ ಹಿಂಬದಿಗೆ ಗುದ್ದಿತು. ಮಡ್‌ಗಾರ್ಡು ಒಳಗೆ ಕುಸಿಯಿತು. ರಾಜು ಅದನ್ನು ಬಡಿದು, ತಿದ್ದಿ, ಬಣ್ಣ ಹೊಡೆದು ಕೊಟ್ಟ. ಏಟು ಎಲ್ಲಿ ಬಿದ್ದಿತ್ತೆಂದು ಗುದ್ದಿದವನೇ ಬಂದರೂ ಹೇಳುವಂತಿರಲಿಲ್ಲ. ರೇಣುಕ ಬಂದವರಿಗೆಲ್ಲ ಕಾರು ತೋರಿಸಿ, "ನಮ್ ರಾಜು ಕೆಲಸ. ಎಲ್ಲಿ ರಿಪೇರಿ ಆಗಿದೆ, ಹೇಳಿ ನೋಡೋಣ," ಎನ್ನುತ್ತಿದ್ದ. ಆ ಮಾತಿನಿಂದಲೇ ರಾಜುವಿನ ಹೊಸ ಶೆಡ್ಡಿಗೆ ಗಾಡಿಗಳು ಬರತೊಡಗಿದವು.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈ ಕಥೆ ಹೇಳಬೇಕಿರಲಿಲ್ಲ. ರೇಣುಕನಿಗೆ ಕಾರನ್ನು ತಗ್ಗಿಸುವ ಆಸೆ ಹುಟ್ಟಿತು. ಇದೊಂದು ಶೋಕಿ, ನೀವೂ ನೋಡಿರುತ್ತೀರಿ. ಸ್ಪ್ರಿಂಗು ಗಿಡ್ಡ ಮಾಡಿಸಿ ಕಾರನ್ನು ನೆಲಕ್ಕೆ ತಾಗುವಷ್ಟು ಇಳಿಸುವುದು, ಅಗಲದ ಟೈರು ಹಾಕುವುದು, ಆಮೇಲೆ ಪ್ರತಿಯೊಂದು ರೋಡ್ ಹಂಪಿನ ಮುಂದೆಯೂ ದೇವರನ್ನು ನೆನೆಯುವುದು. ಕಾರು ಎಷ್ಟು ಕೆಳಗಿಳಿಯುತ್ತದೋ ಒಡೆಯನ ತಲೆ ಅಷ್ಟು ಮೇಲೇರುತ್ತದೆ. ರೇಣುಕ ಬೆಂಗಳೂರಿನಲ್ಲಿ ಒಬ್ಬನ ಹತ್ತಿರ ಈ ಕೆಲಸ ಮಾಡಿಸಿಕೊಂಡು ಬಂದ.

ಮನೆ ಮುಂದೆ ನಿಲ್ಲಿಸಿ ನೋಡಿದರೆ ಎಡಗಡೆಯ ಹಿಂದಿನ ಚಕ್ರ ಮಡ್‌ಗಾರ್ಡಿನಿಂದ ಒಂದು ಬೆರಳಿನಷ್ಟು ಹೊರಗೆ ಬಂದಿತ್ತು. ಹಳ್ಳ ಬಂದಾಗಲೆಲ್ಲ ಟೈರು ಅಂಚಿಗೆ ಉಜ್ಜುತ್ತಿತ್ತು. ಎಡಗಡೆ ಎಂದರೆ ರಾಜು ಕೆಲಸ ಮಾಡಿದ ಕಡೆ. ರೇಣುಕನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕಾರಿಗೆ ಒಂದು ಸುತ್ತು ಹಾಕಿ ಬಲಗಡೆಯ ಚಕ್ರವನ್ನೂ ನೋಡಿದ್ದರೆ ಆಗುತ್ತಿತ್ತು. ಅವನು ನೋಡಲಿಲ್ಲ.

ಕಾರಿನ ಹುಚ್ಚಿರುವ ಹುಡುಗರದ್ದೊಂದು ವಾಟ್ಸಾಪ್ ಗುಂಪಿತ್ತು. ರೇಣುಕ ಅದಕ್ಕೊಂದು ವಿಡಿಯೋ ಹಾಕಿದ. "ನೋಡ್ರಪ್ಪಾ, ನಮ್ ರಾಜು ಬಾಡಿನ ಸೊಟ್ಟ ಕೂರ್ಸಿದಾನೆ. ಫ್ರೆಂಡು ಅಂತ ಕೊಟ್ಟಿದ್ದಕ್ಕೆ ಚೆನ್ನಾಗ್ ಮಾಡ್ದ," ಎಂದು ನಕ್ಕ. ಕೇಡು ಬಯಸಿ ಹೇಳಿದ ಮಾತಲ್ಲ, ತಮಾಷೆಗೆ ಹೇಳಿದ್ದು. ಆದರೆ ವಿಡಿಯೋ ಆ ಗುಂಪಿನಿಂದ ಈ ಗುಂಪಿಗೆ ದಾಟಿ ಸಂಜೆಯೊಳಗೆ ಊರೆಲ್ಲ ಸುತ್ತಿತು.

ರಾಜು ಫೋನ್ ಮಾಡಿದ.

"ಗಾಡಿ ಒಂದ್ಸಲ ಶೆಡ್‌ಗೆ ತಗೊಂಡ್ ಬಾರೋ. ಅಳತೆ ಹಾಕಿ ನೋಡೋಣ. ನಂದೇ ತಪ್ಪಿದ್ರೆ ನಾನೇ ಸರಿ ಮಾಡ್ಕೊಡ್ತೀನಿ."

"ಇನ್ನೇನ್ ಅಳೀತೀಯ? ಕಣ್ಣಿಗೇ ಕಾಣ್ತಿದೆಯಲ್ಲ. ಬಿಡು, ಬೇರೆ ಕಡೆ ಮಾಡಿಸ್ಕೊಂತೀನಿ," ಎಂದ ರೇಣುಕ.

ಹಾಗೆಯೇ ಮಾಡಿದ. ಇನ್ನೊಂದು ಗ್ಯಾರೇಜಿಗೆ ಹೋಗಿ ಎಡಗಡೆಯ ಮಡ್‌ಗಾರ್ಡಿನ ಅಂಚನ್ನು ಮಿಷನ್ನಿನಲ್ಲಿ ಕತ್ತರಿಸಿ ಹಾಕಿಸಿದ. ಟೈರು ಉಜ್ಜುವುದು ನಿಂತಿತು. ರಾಜು ಕಷ್ಟಪಟ್ಟು ತಿದ್ದಿದ್ದ ಅಂಚೂ ಹೋಯಿತು. ಇನ್ನು ಅಳೆಯಬೇಕೆಂದರೂ ಅಲ್ಲಿ ಏನೂ ಉಳಿದಿರಲಿಲ್ಲ. ರೇಣುಕ ಆಮೇಲೆ ರಾಜುವಿನ ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟ.

ಮಳೆಗಾಲ ಕಳೆದ ಮೇಲೆ ಒಂದು ದಿನ ಶಿರಾ ರಸ್ತೆಯಲ್ಲಿ ಅವನ ಕಾರಿನ ಬಲಗಡೆಯ ಹಿಂದಿನ ಟೈರು ಪಂಕ್ಚರ್ ಆಯಿತು. ತಾನೇ ಜಾಕ್ ಹಾಕಿ ಚಕ್ರ ಬಿಚ್ಚಿದ. ಟೈರಿನ ಒಳಬದಿ ಎಲ್ಲಿಗೋ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಹೊರಗಿನಿಂದ ನೋಡಿದರೆ ಅದು ಕಾಣುವಂತಿರಲಿಲ್ಲ. ಅನುಮಾನ ಬಂದು ಸ್ಟೆಪ್ನಿ ಹಾಕಿ, ಕಾರನ್ನು ಕೆಳಗಿಳಿಸಿ, ಬಲಗಡೆಯ ಮಡ್‌ಗಾರ್ಡಿನ ಅಂಚಿಗೆ ಬೆರಳಿಟ್ಟು ನೋಡಿದ. ಆವತ್ತು ಎಡಗಡೆಯ ಚಕ್ರ ಎಷ್ಟು ಹೊರಗೆ ಬಂದಿತ್ತೋ ಬಲಗಡೆಯದು ಅಷ್ಟೇ ಒಳಗೆ ಹೋಗಿತ್ತು. ಬಲಗಡೆಯನ್ನು ರಾಜು ಮುಟ್ಟಿಯೇ ಇರಲಿಲ್ಲ.

ಅಲ್ಲೇ ರಸ್ತೆ ಬದಿಯಲ್ಲಿ ನಿಂತು, ಕಾರು ತಗ್ಗಿಸಿದವನಿಗೆ ಫೋನ್ ಮಾಡಿ ಕೇಳಿದ.

"ಈ ಥರದ ಗಾಡೀಲಿ ಅದು ಹಂಗೇ ಸಾರ್," ಎಂದ ಅವನು. "ಹಿಂದಿನ ಎರಡು ಚಕ್ರಕ್ಕೂ ಒಂದೇ ಆಕ್ಸಲ್. ಅದು ಆ ಕಡೆ ಈ ಕಡೆ ಸರೀದಂಗೆ ಒಂದು ರಾಡು ಹಿಡ್ಕೊಂಡಿರುತ್ತೆ. ಗಾಡಿ ಇಳಿಸಿದ್ರೆ ಆ ರಾಡು ಆಕ್ಸಲ್‌ನ ಒಂದ್ ಪಕ್ಕಕ್ಕೆ ತಳ್ಳುತ್ತೆ. ರಾಡಿನ ಉದ್ದ ಸರಿ ಮಾಡಿದ್ರೆ ಮುಗೀತು. ನಿಮ್ ಬಾಡಿಗೇನೂ ಆಗಿಲ್ಲ."

"ಮೊದಲೇ ಹೇಳಬಾರದಿತ್ತೇನ್ರೀ?"

"ನೀವು ಕೇಳ್ಲೇ ಇಲ್ವಲ್ಲ ಸಾರ್."

ಬೇರೆ ರಾಡು ಹಾಕಿಸಲು ಒಂದು ಬೆಳಗ್ಗೆ ಸಾಕಾಯಿತು. ಎರಡೂ ಚಕ್ರ ತಮ್ಮ ಜಾಗಕ್ಕೆ ಬಂದವು. ಕತ್ತರಿಸಿದ ಮಡ್‌ಗಾರ್ಡು ಮಾತ್ರ ಇಲಿ ಕಡಿದ ರೊಟ್ಟಿಯಂತೆ ಕಾಣುತ್ತಿತ್ತು. ರೇಣುಕ ಗುಂಪಿಗೆ ಮತ್ತೊಂದು ವಿಡಿಯೋ ಹಾಕಿ, ತಪ್ಪು ನನ್ನದು, ರಾಜುವಿನದಲ್ಲ ಎಂದ. ಇಬ್ಬರು ಹೆಬ್ಬೆರಳು ಎತ್ತಿದರು. ಒಬ್ಬ ಟೈರು ಎಲ್ಲಿ ತಗೊಂಡಿದ್ದು ಎಂದು ಕೇಳಿದ. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಯಾಕೆ ಕಳಿಸುತ್ತಾರೆ? ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ.

ರಾಜುವಿನ ಶೆಡ್ಡಿಗೆ ಹೋದರೆ ಅಲ್ಲಿ ಯಾರೋ ನೀರಿನ ಕ್ಯಾನುಗಳನ್ನು ಪೇರಿಸಿಟ್ಟಿದ್ದರು. ಪಕ್ಕದ ಅಂಗಡಿಯವರು ಹೇಳಿದ ಗುರುತು ಹಿಡಿದು ಹುಡುಕಿಕೊಂಡು ಹೋದಾಗ ಬಸ್ ಬಾಡಿ ಕಟ್ಟುವ ಜಾಗದಲ್ಲಿ ರಾಜು ಸಿಕ್ಕ. ಸೀಟಿನ ಪೈಪುಗಳಿಗೆ ವೆಲ್ಡಿಂಗ್ ಮಾಡುತ್ತ ಕೂತಿದ್ದ. ರೇಣುಕ ಅವನ ಎದುರು ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ.

"ಶೆಡ್ಡು ಯಾಕೋ ಮುಚ್ಚಿದೆ? ಗಿರಾಕಿ ಬರ್ಲಿಲ್ವಾ?"

"ಬರ್ತಿದ್ರು. ಸ್ವಲ್ಪ ಕಮ್ಮಿ ಆಗಿದ್ರು, ಅಷ್ಟೇ."

"ಮತ್ತೆ ಯಾಕೆ? ನಿನ್ನ ಕೆಲಸ ನಿನಗೆ ಗೊತ್ತಿರ್ಲಿಲ್ವಾ? ಬಂದು ನನ್ನ ಕಪಾಳಕ್ಕೊಂದು ಬಾರಿಸಿ, ತಪ್ಪು ನಂದಲ್ಲ ಅಂತ ಹೇಳ್ಬಹುದಿತ್ತಲ್ಲೋ."

ರಾಜು ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟ.

"ಬೇರೆ ಯಾರಾದ್ರೂ ಅಂದಿದ್ರೆ ಜಗಳಕ್ಕೇ ಹೋಗ್ತಿದ್ದೆ ಕಣೋ. ಅಂದಿದ್ದು ನೀನು. ನೀನೇ ಅಂದ ಮೇಲೆ ಇದ್ರೂ ಇರಬಹುದು ಅನ್ಕೊಂಡೆ. ಆಮೇಲೆ ಯಾವ ಗಾಡಿ ಬಂದ್ರೂ ಅನುಮಾನ. ಸುತ್ತಿಗೆ ಎತ್ತಿದ್ರೆ ಸಾಕು, ಇದೂ ಸೊಟ್ಟ ಆಗುತ್ತೇನೋ ಅಂತ."

"ಈಗ ಗೊತ್ತಾಯ್ತಲ್ಲ ನಿಂದಲ್ಲ ಅಂತ. ಬಾ, ಈ ಮಡ್‌ಗಾರ್ಡು ನೀನೇ ಕಟ್ಟು. ಮತ್ತೆ ಶೆಡ್ಡು ತೆರೆಯೋಣ."

"ತಲೆಗೆ ಗೊತ್ತಾಯ್ತು. ಕೈಗೆ ಇನ್ನೂ ಧೈರ್ಯ ಬರ್ತಿಲ್ಲ," ಎಂದ ರಾಜು. "ಟೀ ಕುಡೀತೀಯ?"

ಇಬ್ಬರೂ ಟೀ ಕುಡಿದರು. ರಾಜು ಬೈಯಲಿಲ್ಲ, ಹಂಗಿಸಲಿಲ್ಲ, ಲೋಟ ಇಟ್ಟು ಮತ್ತೆ ಪೈಪಿನ ಹತ್ತಿರ ಹೋಗಿ ಕೂತ. ಬೈದಿದ್ದರೆ ಚೆನ್ನಾಗಿತ್ತು ಎಂದು ರೇಣುಕನಿಗೆ ಈಗಲೂ ಅನ್ನಿಸುತ್ತದೆ.

ಆ ಮಡ್‌ಗಾರ್ಡನ್ನು ಅವನು ಇನ್ನೂ ರಿಪೇರಿ ಮಾಡಿಸಿಲ್ಲ. ಬೇರೆ ಟಿಂಕರ್ ಕೈಗೆ ಕೊಡಲು ಅವನಿಗೆ ಮನಸ್ಸಿಲ್ಲ, ರಾಜು ಇನ್ನೂ ಬಂದಿಲ್ಲ. ಸಿಗ್ನಲ್ಲಿನಲ್ಲಿ ಯಾರಾದರೂ ಬಗ್ಗಿ ನೋಡಿ, "ಇದ್ಯಾರಣ್ಣ ಹಿಂಗೆ ಹಾಳು ಮಾಡಿದ್ದು?" ಎಂದು ಕೇಳಿದರೆ, "ನಾನೇ," ಎನ್ನುತ್ತಾನೆ.

ನೀತಿ: ಒಂದು ಕಡೆ ಸೊಟ್ಟ ಕಂಡರೆ ಇನ್ನೊಂದು ಕಡೆಯನ್ನೂ ಹೋಗಿ ನೋಡಿ, ನೋಡದೆ ಯಾರ ಮೇಲೂ ತಪ್ಪು ಹೊರಿಸಬೇಡಿ. ಅದರಲ್ಲೂ ನಿಮ್ಮನ್ನು ನಂಬಿದವರ ಮೇಲೆ ಹೊರಿಸುವ ಮುನ್ನ ನೂರು ಸಲ ಯೋಚಿಸಿ. ಬೇರೆಯವರು ನಿಮ್ಮ ಮಾತನ್ನು ನಾಳೆ ಮರೆಯಬಹುದು. ನಿಮ್ಮನ್ನು ನಂಬಿದವರು ಮಾತ್ರ ಅದನ್ನು ನಿಜವೆಂದು ನಂಬಿಬಿಡುತ್ತಾರೆ.