ಕೆಂದಿ ಹಸು ಹುಡುಕೋ ಸರದಿ

ಕಾಲು ಒದೀಬೇಡ, ಹೊದ್ಕೊ. ಅಮ್ಮನ್ನ ಕರೀಬೇಡ, ಅವಳು ನಿಮ್ಮ ತಾತನ ಹಿಂದೆ ಅಂಗಳದಲ್ಲಿ ತಿರುಗ್ತಿದ್ದಾಳೆ. ತಾತ ಕೂತ್ರೆ ತಾನೇ ಅವಳು ಕೂರೋದು. ಅವಳ ತಟ್ಟೆ ಹಂಗೇ ಮುಚ್ಚಿಟ್ಟಿದೆ. ಈ ಅಜ್ಜಿ ಮಂಡಿ ಏಳೋಕೆ ಬಿಡಲ್ಲ. ಬಾ, ಕತೆ ಕೇಳು.

ಒಂದಾನೊಂದು ಕಾಲದಲ್ಲಿ ಒಂದೂರಲ್ಲಿ ಗಿರಿಯಣ್ಣ ಅಂತ ಒಬ್ಬ ಮುದುಕ ಇದ್ದನಂತೆ, ಅವನ ಸೊಸೆ ಸಣ್ಣೀರಮ್ಮ ಅಂತೆ. ಅವಳ ಗಂಡ ತೀರ್ಕೊಂಡಿದ್ನಂತೆ, ಮಗಳನ್ನ ಹೊಳೆಯಾಚೆ ಊರಿಗೆ ಕೊಟ್ಟಿದ್ರಂತೆ, ಮನೇಲಿ ಇವರಿಬ್ಬರೇ. ಮುದುಕನಿಗೆ ಮರೆವು ಹತ್ತಿಕೊಳ್ತಂತೆ. ಮೊದಮೊದಲು ಕೋಲು ಇಟ್ಟಿದ್ದು ಮರೆತ, ಆಮೇಲೆ ಉಂಡಿದ್ದು ಮರೆತ, ಆಮೇಲೆ ಸೊಸೆ ಯಾರು ಅಂತ್ಲೇ ಮರೆತ. ಅವನ ಕೆಂದಿ ಹಸು ಮಾತ್ರ ಮರೀಲಿಲ್ಲವಂತೆ. ಅದು ಸತ್ತು ಮೂವತ್ತು ವರ್ಷ ಆಗಿತ್ತು. ಸಾಯಂಕಾಲ ಊರ ದನ ಬರೋದು ನೋಡಿದ್ನೋ, ಕೆಂದಿ ಬರ್ಲಿಲ್ಲ ಅಂತ ಎದ್ದು ಹೊರಡೋನಂತೆ. ಕೆರೆ ಏರಿ, ಆಮೇಲೆ ಹುಣಸೆ ತೋಪು, ಆಮೇಲೆ ಕಲ್ಲುಗುಡ್ಡೆ, ಹಿಂದೆ ಸಣ್ಣೀರಮ್ಮ. ಕರಕೊಂಡು ಬಂದು ಕೂರಿಸಿ ಮುದ್ದೆಗೆ ಎಸರಿಟ್ಟು ತಿರುಗಿ ನೋಡಿದ್ರೆ ಜಗಲಿ ಖಾಲಿ. ಎಸರು ಇಳಿಸಿ ಮತ್ತೆ ಓಡೋಳು. ವರ್ಷವೆಲ್ಲ ಹಿಂಗೇ ಅಂತೆ, ಪಾಪ, ಕೂತು ಒಂದು ಹೊತ್ತು ಉಣ್ಣಲಿಲ್ಲ ಅವಳು.

ನೋಡೋಕೆ ಮೂರು ಜನ ಬಂದ್ರಂತೆ. ನಾದಿನಿ ಬಂದು, ನಮ್ಮಪ್ಪ ಸೊರಗಿದ್ದಾನೆ, ಸರಿಯಾಗಿ ಹಾಕ್ತೀಯೋ ಇಲ್ವೋ ಅಂತ ಕಣ್ಣೊರೆಸ್ಕೊಂಡು ಕಜ್ಜಾಯ ಕೊಟ್ಟು ಹೋದ್ಲು. ಆಮೇಲೆ ಊರ ಗೌಡ ಬಂದು, ಬಾಗಿಲಿಗೆ ಅಗಳಿ ಹಾಕಮ್ಮ ಅಂದು ಹೋದ. ಆಮೇಲೆ ಪೂಜಾರಪ್ಪ ಬಂದು ಮುದುಕನ ರಟ್ಟೆಗೆ ದಾರ ಕಟ್ಟಿ ಹೋದ. ಮೂವರೂ ಮುದುಕನ ಮುಖ ನೋಡಿದ್ರು, ಸೊಸೆ ಮುಖ ಒಬ್ಬರೂ ನೋಡ್ಲಿಲ್ಲವಂತೆ. ನನಗೆ ಅಲ್ಲೇ ಸಿಟ್ಟು ಬರೋದು.

ಹಿಂಗಿರ್ತಾ ಹೊಳೆಯಾಚೆಯಿಂದ ಗಾಡಿ ಬಂತಂತೆ. ಮಗಳಿಗೆ ಚೊಚ್ಚಲು. ತವರಲ್ಲಿ ಆಗಬೇಕಾದ ಹೆರಿಗೆ, ಈ ಮನೇಲಿ ನಿಂತು ನೋಡೋರು ಯಾರು ಅಂತ ಸಣ್ಣೀರಮ್ಮ ಅವಳನ್ನ ಕರಕೊಂಡೇ ಬಂದಿರಲಿಲ್ಲ. ದಿನ ತುಂಬಿದೆ, ಅವ್ವ ಬೇಕು ಅಂತ ಅಳ್ತಾಳೆ, ಹೊರಡಿ ಅಂದನಂತೆ ಗಾಡಿಯವ. ಸಣ್ಣೀರಮ್ಮ ಒಳಗೆ ಹೊರಗೆ, ಒಳಗೆ ಹೊರಗೆ ಓಡಾಡಿದ್ಲಂತೆ. ಸೀರೆ ಗಂಟು ಕಟ್ಟೋಳು, ಬಿಚ್ಚೋಳು. ಕೊನೆಗೆ ಏನು ಮಾಡಿದ್ಲು ಗೊತ್ತಾ, ಕರು ಕಟ್ಟೋ ಹಗ್ಗ ತಂದು ಮಾವನ ಸೊಂಟಕ್ಕೆ ಸುತ್ತಿ ಕಂಬಕ್ಕೆ ಕಟ್ಟಿದ್ಲಂತೆ. ಅವನು ಹಗ್ಗ ಸವರ್ತಾ, ಇದು ನಮ್ಮ ಕೆಂದಿ ಹಗ್ಗ ಅಲ್ವೇನವ್ವ, ಕೆಂದಿ ಎಲ್ಲಿ ಅಂದ್ನಂತೆ. ಅವಳು ಅಲ್ಲೇ ಕುಸಿದು ಕೂತ್ಲಂತೆ.

ಅಷ್ಟರಲ್ಲಿ ಪಕ್ಕದ ಮನೆ ದ್ಯಾವಕ್ಕ ಸರದಿ ಕೋಲು ಹಿಡ್ಕೊಂಡು ಬಂದ್ಲಂತೆ. ಆ ಊರಲ್ಲಿ ದನ ಎಲ್ಲಾ ಒಟ್ಟಿಗೆ, ದಿನಕ್ಕೊಂದು ಮನೆಯೋರು ಕಾಯೋದು. ಇವತ್ತು ಕಾದೋರು ಸಂಜೆ ಕೋಲು ತಂದು ಮುಂದಿನ ಮನೆ ಬಾಗಿಲಿಗೆ ಒರಗಿಸಬೇಕು, ನಾಳೆ ಅವರ ಸರದಿ. ಸಣ್ಣೀರಮ್ಮ ಸೆರಗಲ್ಲಿ ಹಗ್ಗ ಮುಚ್ಚೋಕೆ ಹೋದ್ಲಂತೆ. ದ್ಯಾವಕ್ಕ ಬಯ್ಯಲಿಲ್ಲ. ಗಂಟು ಬಿಚ್ಚಿ, ಒಂದು ಚೊಂಬು ಮಜ್ಜಿಗೆ ತಂದು ಅವಳ ಕೈಗೆ ಕೊಟ್ಟು, ನೀನು ಯಾವಾಗ ಉಂಡಿದ್ದು ಅಂತ ಕೇಳಿದ್ಲಂತೆ. ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ನೋಡು, ಸಣ್ಣೀರಮ್ಮ ಗೊಳೋ ಅಂತ ಅತ್ತುಬಿಟ್ಲಂತೆ. ಆಮೇಲೆ ದ್ಯಾವಕ್ಕ, ಊರ ದನಕ್ಕೆಲ್ಲ ಸರದಿ ಇದೆ, ಗಿರಿಯಣ್ಣನಿಗೆ ಯಾಕೆ ನೀನೊಬ್ಬಳೇ ಅಂದ್ಲಂತೆ. ನಮ್ಮ ಮನೆ ಹಿರಿಯರು, ಊರೋರ ಮೇಲೆ ಹೊರಿಸೋಕೆ ನಾಚಿಕೆ ಅಕ್ಕ ಅಂದ್ಲಂತೆ ಇವಳು. ನಮ್ಮೆಜಮಾನ್ರು ಕಾಲು ಮುರ್ಕೊಂಡಾಗ ಮೂರು ತಿಂಗಳು ನಮ್ಮ ಸರದಿ ಕಾದೋನು ಇವನೇ, ಆಗ ನಾನು ನಾಚ್ಕೊಂಡ್ನಾ, ನಡಿ, ಗಾಡಿ ಹತ್ತು ಅಂದ್ಲಂತೆ.

ಆಮೇಲೆ ಗಿರಿಯಣ್ಣನ ಹಳೇ ಕೋಲು ಮನೆಯಿಂದ ಮನೆಗೆ ಹೊರಡ್ತಂತೆ, ಯಾರ ಬಾಗಿಲಿಗೆ ಒರಗ್ತೋ ಅವತ್ತು ಮುದುಕನ ಹಿಂದೆ ಹೋಗೋ ಸರದಿ ಅವರದು. ಗೌಡ ಬಿಡುವಿಲ್ಲ ಅಂತ ಗೊಣಗಿದ್ನಂತೆ, ದ್ಯಾವಕ್ಕ ಅವನ ಬಾಗಿಲಿಗೂ ಒರಗಿಸಿ ಬಂದ್ಲಂತೆ. ಸಣ್ಣೀರಮ್ಮ ಹೊರಡೋವಾಗಲೇ ಗಾಡಿಯಿಂದ ಕೂಗಿ ಹೇಳಿದ್ಲಂತೆ, ಕೆಂದಿ ಸತ್ತಿದೆ ಅನ್ನಬೇಡಿ, ಕೊಂಬು ಹೆಂಗಿತ್ತು ಅಂತ ಕೇಳಿ, ಹೇಳ್ತಾ ಹೇಳ್ತಾ ತಾನೇ ಮನೆ ಕಡೆ ತಿರುಗ್ತಾರೆ ಅಂತ.

ಮಗಳ ಮನೇಲಿ ಮೊದಲ ದಿನ ಬಾಗಿಲೇ ನೋಡ್ತಾ ಕೂತಿದ್ಲಂತೆ, ಎರಡನೇ ದಿನ ಎಸರಿಟ್ಟು ಜಗಲಿಗೆ ಓಡಿ ಬಂದ್ಲಂತೆ, ಮೂರನೇ ದಿನ ಹೆಣ್ಣು ಮಗು ಹುಟ್ತು, ಅದರ ಪಕ್ಕ ಬಿದ್ಕೊಂಡು ನಿದ್ದೆ ಹೊಡೆದ್ಲಂತೆ.

ಬಾಣಂತನ ಮುಗಿಸಿ ಬಂದ್ರೆ ಮುದುಕ, ಯಾರವ್ವ ನೀನು ಅಂದ್ನಂತೆ. ನೋವಾಗಲ್ವಾ, ಆಯ್ತು. ಆಮೇಲೆ, ಇವತ್ತು ಯಾರ ಸರದಿ ಅಂದ್ನಂತೆ. ನಂದೇ ಮಾವ ಅಂದ್ಲು. ಉಂಡ್ಯಾ ಅಂದ. ಇಲ್ಲ ಅಂದ್ಲು. ಹಂಗಾದ್ರೆ ಹೋಗಿ ಕೂತು ಉಣ್ಣು, ಅಲ್ಲೀವರೆಗೂ ನಾನು ಇಲ್ಲೇ ಇರ್ತೀನಿ ಅಂತ ಜಗಲಿ ಮೇಲೆ ಕೂತ್ನಂತೆ. ಮೂರು ತುತ್ತು ಉಣ್ಣೋವರೆಗೂ ಕೂತಿದ್ದ, ಆಮೇಲೆ ಎದ್ದೇಬಿಟ್ಟ. ಅಷ್ಟೊತ್ತಿಗೆ ದ್ಯಾವಕ್ಕ ಬಂದು, ನೀನು ಉಣ್ಣು ಅಂತ ಅವನ ಹಿಂದೆ ಹೋದ್ಲಂತೆ.

ವಾಸಿಯಾಯ್ತಾ ಅಂತೀಯಾ? ಇಲ್ಲ ಮಗ, ಅದು ವಾಸಿಯಾಗಲ್ಲ. ಕೆಂದೀನೂ ಸಿಗಲಿಲ್ಲ. ಅವನು ಇರೋವರೆಗೂ ಊರು ಹುಡುಕ್ತು, ಸಣ್ಣೀರಮ್ಮ ಕೂತು ಉಂಡ್ಲು, ಅಲ್ಲಿಗೆ ಆ ಕತೆ ಮುಗೀತು.

ಯಾಕೆ ಹಂಗೆ ನೋಡ್ತೀಯಾ? ಮಂಡಿ ನೋವು ಅಂತ ನಾನೂ ಇಷ್ಟು ದಿನ ಇಲ್ಲೇ ಕೂತಿದ್ದೆ, ಗೊತ್ತು ನನಗೆ. ಕೈ ಕೊಡು, ಏಳ್ತೀನಿ. ಅಮ್ಮನ್ನ ಉಣ್ಣೋಕೆ ಕಳಿಸ್ತೀನಿ, ಇವತ್ತು ನನ್ನ ಸರದಿ.